ವೈಕಿಂಗರ ಹಡಗುಗಳೂ ಅವನ್ನು ಕಟ್ಟಿದ ಕೈಗಳೂ

ವೈಕಿಂಗರೆಂದ ಕೂಡಲೆ ನಮ್ಮಲ್ಲಿ ಹೆಚ್ಚಿನವರ ಕಣ್ಣ ಮುಂದೆ ಬರುವುದು ಕೊಂಬಿನ ಶಿರಸ್ತ್ರಾಣ, ಕೆಂಪು ಗಡ್ಡ, ಕೈಯಲ್ಲೊಂದು ಕೊಡಲಿ. ಇಂಗ್ಲೆಂಡಿನ ಪ್ರೈಮರಿ ಶಾಲೆಗಳಲ್ಲಿ ಓದುವ ನಮ್ಮ ಮಕ್ಕಳು ರಟ್ಟಿನಲ್ಲಿ ಅಂಥ ಶಿರಸ್ತ್ರಾಣ ಮಾಡಿಕೊಂಡು ಮನೆಗೆ ಬರುವುದೂ ಉಂಟು. ಆ ಕೊಂಬುಗಳಿಗೂ ವೈಕಿಂಗರಿಗೂ ಸಂಬಂಧವಿಲ್ಲ. 1876ರಲ್ಲಿ ಜರ್ಮನಿಯ ಬೈರಾಯ್ಟ್ ನಗರದಲ್ಲಿ ವಾಗ್ನರನ ಸಂಗೀತನಾಟಕಗಳು ರಂಗಕ್ಕೆ ಬಂದಾಗ ವೇಷಭೂಷಣ ಸಿದ್ಧಪಡಿಸಿದ ಕಲಾವಿದನ ಕಲ್ಪನೆ ಅದು. ಅಲ್ಲಿಂದ ಲೋಕವೆಲ್ಲ ಹರಡಿತು. ವೈಕಿಂಗರ ನಿಜವಾದ ಆಸ್ತಿ ತಲೆಯ ಮೇಲಿರಲಿಲ್ಲ, ಕಾಲ ಕೆಳಗಿತ್ತು. ಅದು ಅವರ ಹಡಗು. ಆ ಹಡಗಿಲ್ಲದಿದ್ದರೆ 793ರಲ್ಲಿ ಲಿಂಡಿಸ್‌ಫಾರ್ನ್ ದ್ವೀಪದ ಮಠದ ಮೇಲೆ ದಾಳಿ ನಡೆಯುತ್ತಿರಲಿಲ್ಲ; ಐಸ್‌ಲೆಂಡಿನಲ್ಲಿ ಜನ ನೆಲೆಸುತ್ತಿರಲಿಲ್ಲ; ಕೊಲಂಬಸನಿಗಿಂತ ಸುಮಾರು ಐನೂರು ವರ್ಷ ಮೊದಲು ಯುರೋಪಿನವರು ಉತ್ತರ ಅಮೆರಿಕದ ನೆಲವನ್ನು ತುಳಿಯುತ್ತಲೂ ಇರಲಿಲ್ಲ.

ಈ ಹಡಗುಗಳ ಕುಶಲತೆಯನ್ನು ಹೊಗಳಿ ಬರೆದ ಪುಸ್ತಕಗಳಿಗೆ ಲೆಕ್ಕವಿಲ್ಲ. ನಮ್ಮ ಉದ್ದೇಶ ಆ ಹೊಗಳಿಕೆಗೆ ಇನ್ನೊಂದು ಪುಟ ಸೇರಿಸುವುದಲ್ಲ. ಹಳೆಯ ಕೆಲಸವೊಂದನ್ನು ಉಳಿಸಬೇಕೆಂದು ಒಂದು ಸಮಾಜ ಹೊರಟಾಗ ಅದು ನಿಜವಾಗಿ ಏನನ್ನು ಉಳಿಸಬೇಕು? ವಸ್ತುವನ್ನೋ, ವಸ್ತುವನ್ನು ಮಾಡುವ ವಿದ್ಯೆಯನ್ನೋ? ಈ ಪ್ರಶ್ನೆಗೆ ವೈಕಿಂಗ್ ಹಡಗುಗಳ ಕಥೆಯಲ್ಲಿ ಸ್ಪಷ್ಟವಾದ ಉತ್ತರವಿದೆ ಎಂಬುದು ನಮ್ಮ ಅಭಿಪ್ರಾಯ. ಆ ಉತ್ತರ ರಸಾಯನಶಾಸ್ತ್ರವನ್ನೇ ವೃತ್ತಿಯಾಗಿ ಮಾಡಿಕೊಂಡ ನಮ್ಮಂಥವರಿಗೆ ಅಷ್ಟೇನೂ ಹಿತವಾದುದಲ್ಲ. ಆದರೂ ಹೇಳಲೇಬೇಕು.

ಮೊದಲು ಹಡಗುಗಳ ವಿಷಯ. ನಮಗೆ ದೊರೆತಿರುವ ಒಳ್ಳೆಯ ಸಾಕ್ಷಿಗಳು ಮುಖ್ಯವಾಗಿ ಎರಡು ಬಗೆಯವು. ಒಂದು, ಸತ್ತ ದೊಡ್ಡ ಮನುಷ್ಯರೊಡನೆ ಮಣ್ಣಿನ ದಿಬ್ಬದಲ್ಲಿ ಹೂತ ಹಡಗುಗಳು. ನಾರ್ವೆಯ ಗೋಕ್‌ಸ್ಟಾಡ್ ಎಂಬಲ್ಲಿ 1880ರಲ್ಲಿಯೂ ಓಸೆಬರ್ಗ್ ಎಂಬಲ್ಲಿ 1904ರಲ್ಲಿಯೂ ಅಗೆದು ತೆಗೆದವು ಈ ಬಗೆಯವು. ಇನ್ನೊಂದು, ಬೇಕೆಂದೇ ಮುಳುಗಿಸಿದ ಹಡಗುಗಳು. ಡೆನ್ಮಾರ್ಕಿನ ರೋಸ್ಕಿಲ್ಡೆ ಪಟ್ಟಣಕ್ಕೆ ಸಮುದ್ರದ ಕಡೆಯಿಂದ ಶತ್ರುಗಳು ಬಾರದಂತೆ ಕ್ರಿ.ಶ. 1070ರ ಸುಮಾರಿಗೆ ಸ್ಕುಲ್ಡೆಲೆವ್ ಬಳಿಯ ನೀರಿನ ದಾರಿಗೆ ಅಡ್ಡವಾಗಿ ಹಳೆಯ ಹಡಗುಗಳಿಗೆ ಕಲ್ಲು ತುಂಬಿ ಮುಳುಗಿಸಿದ್ದರು. 1962ರಲ್ಲಿ ಅಲ್ಲಿ ಸುತ್ತಲೂ ತಡೆಗೋಡೆ ಕಟ್ಟಿ, ನೀರನ್ನು ಹೊರಗೆ ಚೆಲ್ಲಿ, ನಾಲ್ಕು ತಿಂಗಳಲ್ಲಿ ಐದು ಹಡಗುಗಳ ಅವಶೇಷಗಳನ್ನು ಹೊರತೆಗೆದರು. ಹೂತವು ರಾಜವೈಭವದ ಹಡಗುಗಳು, ಮುಳುಗಿಸಿದವು ದಿನಬಳಕೆಯವು. ಎರಡನ್ನೂ ಸೇರಿಸಿ ನೋಡಿದರೆ ಆ ಕಾಲದ ಬಡಗಿಗಳ ಕೆಲಸ ಹೇಗಿತ್ತೆಂಬುದು ಸಾಕಷ್ಟು ತಿಳಿಯುತ್ತದೆ.

ಕೆಲಸ ಆರಂಭವಾಗುತ್ತಿದ್ದುದು ಕಾಡಿನಲ್ಲಿ. ವೈಕಿಂಗ್ ಬಡಗಿ ಹಲಗೆಗೆ ಗರಗಸವನ್ನು ಬಳಸಲಿಲ್ಲ. ನೆಟ್ಟಗೆ ಬೆಳೆದ, ಗಂಟುಗಳಿಲ್ಲದ ದಪ್ಪ ಓಕ್ ಮರವನ್ನು ಆರಿಸಿ, ಉರುಳಿಸಿ, ಹಸಿಯಾಗಿರುವಾಗಲೇ ಬೆಣೆ ಹೊಡೆದು ಸೀಳುತ್ತಿದ್ದ. ಮೊದಲು ಎರಡು ಹೋಳು, ಆಮೇಲೆ ನಾಲ್ಕು, ಎಂಟು, ಹದಿನಾರು. ಪ್ರತಿ ಹೋಳೂ ಕಲ್ಲಂಗಡಿಯ ಹೋಳಿನಂತೆ ಹೊರಗೆ ಅಗಲ, ಒಳಗೆ ಚೂಪು. ಅದನ್ನು ಕೊಡಲಿಯಿಂದ ಕೆತ್ತಿ ಹಲಗೆ ಮಾಡುತ್ತಿದ್ದ. ಊರಿನಲ್ಲಿ ಸೌದೆ ಒಡೆದು ಬಲ್ಲವರಿಗೆ ಇದರ ಗುಟ್ಟು ಬೇಗ ತಿಳಿಯುತ್ತದೆ. ಬೆಣೆ ಮರದ ನಾರನ್ನು ಕಡಿಯುವುದಿಲ್ಲ. ನಾರು ಹೋದ ದಾರಿಯಲ್ಲೇ ಹೋಗುತ್ತದೆ. ಗರಗಸಕ್ಕೆ ನಾರಿನ ದಾರಿ ಗೊತ್ತಿಲ್ಲ. ಅದು ನೆಟ್ಟಗೆ ಹೋಗುತ್ತದೆ, ಅಡ್ಡ ಬಂದ ನಾರನ್ನೆಲ್ಲ ತುಂಡರಿಸುತ್ತದೆ. ಸೀಳಿದ ಹಲಗೆಯಲ್ಲಿ ನಾರು ಈ ತುದಿಯಿಂದ ಆ ತುದಿಯವರೆಗೆ ಮುರಿಯದೆ ಇರುವುದರಿಂದ, ಅದು ಗರಗಸದಿಂದ ಕೊಯ್ದ ಹಲಗೆಗಿಂತ ತೆಳುವಾಗಿದ್ದರೂ ಬಲವಾಗಿರುತ್ತದೆ, ಬಾಗಿಸಿದರೆ ಬಾಗುತ್ತದೆ.

ಇದಕ್ಕೆ ಇನ್ನೊಂದು ಕಾರಣವನ್ನು ನಮ್ಮ ಶಾಸ್ತ್ರದ ಕಡೆಯಿಂದಲೂ ಹೇಳಬಹುದು. ಮರ ಒಣಗಿದಾಗ ಎಲ್ಲ ದಿಕ್ಕಿಗೂ ಒಂದೇ ಸಮನೆ ಕುಗ್ಗುವುದಿಲ್ಲ. ನಾರಿನ ಉದ್ದಕ್ಕೆ ಕುಗ್ಗುವುದು ಅತ್ಯಲ್ಪ. ತಿರುಳಿನಿಂದ ತೊಗಟೆಯ ಕಡೆಗೆ ಹೋಗುವ ದಿಕ್ಕಿನಲ್ಲಿ ಸ್ವಲ್ಪ ಹೆಚ್ಚು. ಉಂಗುರಗಳ ಸುತ್ತಿನ ದಿಕ್ಕಿನಲ್ಲಿ ಅದರ ಸುಮಾರು ಎರಡರಷ್ಟು. ಓಕ್ ಮರದ ಹಲಗೆಯನ್ನು ತಿರುಳಿನಿಂದ ಹೊರಕ್ಕೆ ಸೀಳಿ ತೆಗೆದಾಗ ಅದರ ಅಗಲ ಕಡಿಮೆ ಕುಗ್ಗುವ ದಿಕ್ಕಿನಲ್ಲಿ ಬೀಳುತ್ತದೆ. ಆದ್ದರಿಂದ ಹಸಿಮರದಲ್ಲಿ ಕಟ್ಟಿದರೂ ಹಲಗೆ ಸೊಟ್ಟಗಾಗುವುದಿಲ್ಲ, ಸಂದುಗಳು ಬಾಯಿ ಬಿಡುವುದಿಲ್ಲ. ಸೆಲ್ಯುಲೋಸ್ ಎಂಬ ಹೆಸರನ್ನು ಕೇಳದ ಬಡಗಿ ಅದರ ಸ್ವಭಾವವನ್ನು ಕೈಯಿಂದಲೇ ತಿಳಿದುಕೊಂಡಿದ್ದ. ಬಾಗಿದ ಭಾಗಗಳಿಗೆ ಆತ ಬಾಗಿ ಬೆಳೆದ ಕೊಂಬೆಯನ್ನೇ ಹುಡುಕುತ್ತಿದ್ದ. ಮೂತಿಯ ಮರವನ್ನು ಹಲಗೆಗಳು ಬಂದು ಸೇರುವ ಮೆಟ್ಟಿಲುಗಳ ಸಮೇತ ಒಂದೇ ತುಂಡಿನಲ್ಲಿ ಕೆತ್ತುತ್ತಿದ್ದುದೂ ಉಂಟು. ಹೀಗೆ ಕೆತ್ತಿ, ಬಳಸದೆ, ಒಣಗಬಾರದೆಂದು ಜವುಗಿನಲ್ಲಿ ಮುಳುಗಿಸಿಟ್ಟಿದ್ದ ಎರಡು ಮೂತಿಮರಗಳು ಸ್ಕಾಟ್ಲೆಂಡಿನ ಐಗ್ ದ್ವೀಪದಲ್ಲಿ ಸಿಕ್ಕಿವೆ.

ಕಟ್ಟುವ ಕ್ರಮವೂ ಇಂದಿನವರು ಊಹಿಸುವುದಕ್ಕೆ ತಿರುಗುಮುರುಗು. ನಕ್ಷೆ ಇರಲಿಲ್ಲ. ಮೊದಲು ಪಕ್ಕೆಲುಬುಗಳನ್ನು ನಿಲ್ಲಿಸಿ ಅವಕ್ಕೆ ಹಲಗೆ ಹೊಡೆಯುತ್ತಿರಲಿಲ್ಲ. ಕೀಲ್ ಎನ್ನುವ ಅಡಿಮರವನ್ನೂ ಎರಡು ತುದಿಯ ಮೂತಿಗಳನ್ನೂ ಇಟ್ಟು, ಒಂದು ಹಲಗೆಯ ಅಂಚಿನ ಮೇಲೆ ಇನ್ನೊಂದರ ಅಂಚು ಹತ್ತುವಂತೆ, ಮನೆಯ ಹಂಚು ಹೊದೆಸಿದ ಹಾಗೆ, ಹೊರಮೈಯನ್ನೇ ಮೊದಲು ಎಬ್ಬಿಸುತ್ತಿದ್ದರು. ಅಂಚುಗಳ ನಡುವೆ ಟಾರಿನಲ್ಲಿ ಅದ್ದಿದ ಉಣ್ಣೆಯ ಅಥವಾ ಪ್ರಾಣಿಯ ಕೂದಲಿನ ಎಳೆ. ಅದರ ಮೇಲೆ ಕಬ್ಬಿಣದ ರಿವೆಟ್ಟು. ಒಳಗಡೆ ಸಣ್ಣ ಕಬ್ಬಿಣದ ಬಿಲ್ಲೆ ಹಾಕಿ ರಿವೆಟ್ಟಿನ ತುದಿಯನ್ನು ಬಡಿದು ಮಡಿಸುವುದು. ಹೊರಮೈಯ ಆಕಾರ ಮೂಡಿದ ಮೇಲೆ ಅದಕ್ಕೆ ಒಪ್ಪುವಂತೆ ಒಳಗಿನ ಅಡ್ಡಮರಗಳನ್ನು ಕೂಡಿಸುತ್ತಿದ್ದರು. ಹಡಗಿನ ಆಕಾರ ಕಾಗದದ ಮೇಲಿರಲಿಲ್ಲ, ಬಡಗಿಯ ಕಣ್ಣಿನಲ್ಲಿತ್ತು.

ಗೋಕ್‌ಸ್ಟಾಡ್ ಹಡಗನ್ನು ತೆಗೆದುಕೊಳ್ಳೋಣ. ಉದ್ದ 23 ಮೀಟರಿಗೂ ಹೆಚ್ಚು, ಅಗಲ ಐದು ಮೀಟರಿಗೂ ತುಸು ಹೆಚ್ಚು. ಪ್ರತಿ ಪಕ್ಕದಲ್ಲಿ 16 ಹಲಗೆಸಾಲು, 16 ಹುಟ್ಟು. ನೀರಿನೊಳಗಿನ ಹಲಗೆಗಳ ದಪ್ಪ ಬರಿಯ 2.6 ಸೆಂಟಿಮೀಟರು, ಅಂದರೆ ಒಂದು ಇಂಚಿಗೆ ಚೂರು ಮೇಲೆ. ನೀರಿನ ಮಟ್ಟದಲ್ಲಿ, ಪೆಟ್ಟು ಹೆಚ್ಚು ಬೀಳುವ ಕಡೆ, ಹತ್ತನೆಯ ಸಾಲಿನ ಹಲಗೆ 4.4 ಸೆಂಟಿಮೀಟರು. ಎಲ್ಲಕ್ಕಿಂತ ಮೇಲಿನ ಸಾಲುಗಳು 1.6 ಸೆಂಟಿಮೀಟರು ಮಾತ್ರ. ಎಲ್ಲಿ ಬಲ ಬೇಕೋ ಅಲ್ಲಿ ಮರ, ಬೇಡದ ಕಡೆ ಇಲ್ಲ. ಕೆಳಗಿನ ಹಲಗೆಗಳನ್ನು ಒಳಗಿನ ಅಡ್ಡಮರಕ್ಕೆ ಮೊಳೆಯಿಂದ ಬಿಗಿದಿಲ್ಲ. ಹಲಗೆಯನ್ನು ಕೆತ್ತುವಾಗಲೇ ಒಳಮುಖದಲ್ಲಿ ಗುಬಟುಗಳನ್ನು ಉಳಿಸಿಕೊಂಡು, ಅವುಗಳಲ್ಲಿ ತೂತು ಕೊರೆದು, ಅಡ್ಡಮರಕ್ಕೆ ಕಟ್ಟಿದ್ದಾರೆ. ಓಸೆಬರ್ಗ್ ಹಡಗಿನಲ್ಲಿ ಈ ಕಟ್ಟು ತಿಮಿಂಗಿಲದ ಬಾಯಿಯ ಬಲೀನ್ ಪಟ್ಟಿಗಳದು. ಒಂದು ಗುಬಟು ಉಳಿಸಲು ಇಡೀ ಹಲಗೆಯ ಮೇಲಿನ ಅಷ್ಟು ದಪ್ಪದ ಮರವನ್ನು ಕೆತ್ತಿ ಹಾಕಬೇಕು. ಅಷ್ಟು ಶ್ರಮ ಏಕೆ ಪಟ್ಟರು?

ಉತ್ತರ 1893ರಲ್ಲಿ ದೊರೆಯಿತು. ಆ ವರ್ಷ ಷಿಕಾಗೋ ನಗರದ ವಿಶ್ವ ಪ್ರದರ್ಶನಕ್ಕೆಂದು ಮಾಗ್ನುಸ್ ಆಂಡರ್ಸನ್ ಎಂಬ ನಾರ್ವೆಯ ಕಪ್ತಾನ ಗೋಕ್‌ಸ್ಟಾಡ್ ಹಡಗಿನ ಪ್ರತಿಕೃತಿಯೊಂದನ್ನು ಕಟ್ಟಿಸಿ, ಬೆರ್ಗೆನ್ ಬಂದರಿನಿಂದ ಅಟ್ಲಾಂಟಿಕ್ ದಾಟಿ ನಾಲ್ಕು ವಾರಗಳಲ್ಲಿ ನ್ಯೂಫೌಂಡ್‌ಲೆಂಡ್ ತಲುಪಿದ. ದೊಡ್ಡ ಅಲೆಗಳಲ್ಲಿ ಹಡಗಿನ ಮೈ ಬಳುಕುತ್ತಿತ್ತೆಂದೂ, ಮೇಲಂಚು ಸುಮಾರು 15 ಸೆಂಟಿಮೀಟರಿನವರೆಗೆ ತಿರುಚಿಕೊಳ್ಳುತ್ತಿತ್ತೆಂದೂ, ಆದರೂ ನೀರು ಒಳಗೆ ಬರಲಿಲ್ಲವೆಂದೂ ಆತ ವರದಿ ಮಾಡಿದ. ಗಟ್ಟಿಯಾಗಿ ನಿಂತು ಅಲೆಯೊಡನೆ ಹೋರಾಡುವ ಹಡಗು ಇದಲ್ಲ; ಅಲೆ ಬಂದಂತೆ ಮೈ ಕೊಟ್ಟು ಹೋಗುವ ಹಡಗು. ಕಟ್ಟುಗಳ ಅರ್ಥ ಆಗ ತಿಳಿಯಿತು. ಗಮನಿಸಬೇಕಾದ ಮಾತೆಂದರೆ, ಹದಿಮೂರು ವರ್ಷ ಕಟ್ಟಡದೊಳಗೆ ನಿಂತ ಮೂಲ ಹಡಗು ಈ ಮಾತನ್ನು ಯಾರಿಗೂ ಹೇಳಿರಲಿಲ್ಲ. ಹೊಸದೊಂದನ್ನು ಕಟ್ಟಿ ಸಮುದ್ರಕ್ಕೆ ಇಳಿಸಿದ ಮೇಲೆಯೇ ಅದು ಹೊರಬಿದ್ದದ್ದು.

ಹಾಯಿಯ ವಿಷಯ ಹೇಳದೆ ಹಡಗಿನ ವಿಷಯ ಮುಗಿಯದು. ವೈಕಿಂಗರ ಹಾಯಿ ಹತ್ತಿಯದಲ್ಲ, ಉಣ್ಣೆಯದು. ಉತ್ತರದ ಗಿಡ್ಡ ಬಾಲದ ಕುರಿಗಳ ಮೈಮೇಲೆ ಎರಡು ಬಗೆಯ ಉಣ್ಣೆಯಿರುತ್ತದೆ: ಹೊರಗಡೆ ಉದ್ದವಾದ ಒರಟು ಕೂದಲು, ಒಳಗಡೆ ಮೆತ್ತನೆಯ ತುಪ್ಪಳ. ಎರಡನ್ನೂ ಬೇರ್ಪಡಿಸಿ, ಉದ್ದ ಕೂದಲನ್ನು ಬಿಗಿಯಾಗಿ ನೂತು ಹಾಸಿಗೆ ಬಳಸಬೇಕು. ಎಲ್ಲವನ್ನೂ ತಕಲಿಯಂಥ ಕೈಕದಿರಿನಲ್ಲಿ ನೂಲಬೇಕು. ನೇಯ್ದ ಮೇಲೆ ಗಾಳಿ ತೂರಿಹೋಗದಂತೆ ಕೊಬ್ಬು, ಟಾರು, ಕಾವಿಮಣ್ಣು ಇಂಥವುಗಳನ್ನು ಬಳಿಯಬೇಕು. ದೊಡ್ಡ ಯುದ್ಧನೌಕೆಯೊಂದಕ್ಕೆ ನೂರು ಚದರ ಮೀಟರಿಗೂ ಮೀರಿದ ಹಾಯಿ ಬೇಕು. ಇದರ ನೂಲುವಿಕೆ, ನೇಯ್ಗೆಗಳಿಗೆ ತಗಲುತ್ತಿದ್ದ ಕಾಲ ಹಡಗು ಕಟ್ಟುವ ಕಾಲಕ್ಕಿಂತ ಕಡಿಮೆಯೇನೂ ಇರಲಿಲ್ಲ. ಈ ಕೆಲಸ ಹೆಂಗಸರದು. ಓಸೆಬರ್ಗ್‌ನ ಆ ಸುಂದರ ಹಡಗಿನಲ್ಲಿ ಕ್ರಿ.ಶ. 834ರಲ್ಲಿ ಸಮಾಧಿಯಾದವರು ಇಬ್ಬರು ಹೆಂಗಸರು. ಅವರ ಜೊತೆಗೆ ನೇಯ್ಗೆಯ ಉಪಕರಣಗಳನ್ನೂ ಇಟ್ಟಿದ್ದರು. ವೈಕಿಂಗರೆಂದರೆ ಗಡ್ಡದ ಗಂಡಸರೆಂದು ತಿಳಿದವರು ಇದನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಹೊಗಳುವ ಭರದಲ್ಲಿ ಇನ್ನೊಂದು ಮುಖವನ್ನು ಮರೆಯಬಾರದು. ಈ ಹಡಗುಗಳಲ್ಲಿ ಬಂದವರು ಕೊಂದರು, ಸುಟ್ಟರು, ಮನುಷ್ಯರನ್ನು ಹಿಡಿದು ಮಾರಿದರು. ವೈಕಿಂಗರ ಡಬ್ಲಿನ್ ನಗರ ಗುಲಾಮರ ದೊಡ್ಡ ಸಂತೆಯಾಗಿತ್ತು. ಸ್ಕುಲ್ಡೆಲೆವ್‌ನ ಹಡಗುಗಳಲ್ಲಿ ಅತ್ಯಂತ ಉದ್ದನೆಯದು, ಸುಮಾರು 30 ಮೀಟರ್ ಉದ್ದ, 60 ಹುಟ್ಟುಗಳ ಯುದ್ಧನೌಕೆ, 1042ರಲ್ಲಿ ಕಟ್ಟಿದ್ದು ಅದೇ ಡಬ್ಲಿನ್ ಸುತ್ತಿನ ಓಕ್ ಮರದಲ್ಲಿ. ಇದು ಮರದ ಉಂಗುರಗಳಿಂದ ತಿಳಿದ ಸಂಗತಿ. ನೀರಿನಲ್ಲಿ ಸುಮಾರು ಒಂದು ಮೀಟರಷ್ಟೇ ಮುಳುಗುವ ಹಡಗು ನದಿಯೊಳಗೂ ನುಗ್ಗಬಲ್ಲದು, ಮರಳ ದಂಡೆಗೂ ಏರಬಲ್ಲದು, ಬಂದರು ಬೇಕಿಲ್ಲ. ಈ ಗುಣವೇ ದಾಳಿಕಾರನಿಗೂ ಅನುಕೂಲ. ಆದರೆ ಅದೇ ಸ್ಕುಲ್ಡೆಲೆವ್‌ನಲ್ಲಿ ಅಗಲ ಹೊಟ್ಟೆಯ ಸರಕು ಹಡಗುಗಳೂ ಸಿಕ್ಕಿವೆ. ಅವುಗಳಲ್ಲಿ ದೊಡ್ಡದು 16 ಮೀಟರ್ ಉದ್ದದ್ದು. ಆರೆಂಟು ಜನರ ಕೈಯಲ್ಲಿ ಇಪ್ಪತ್ತು ಟನ್ನಿಗೂ ಮಿಕ್ಕ ಸರಕನ್ನು ಸಾಗಿಸಬಲ್ಲುದು. ಇನ್ನೊಂದು ಸಣ್ಣ ಯುದ್ಧನೌಕೆಯಲ್ಲಿ ಬೇರೆ ಹಡಗಿನ ಹಳೆಯ ಹಲಗೆಗಳನ್ನು ಹಾಕಿ, ಹಳೆಯ ಹುಟ್ಟುತೂತುಗಳನ್ನು ಮುಚ್ಚಿ, ತೇಪೆಯ ಮೇಲೆ ತೇಪೆ ಹಚ್ಚಿದ್ದಾರೆ. ಬಡ ಗ್ರಾಮಸ್ಥರು ರಾಜನ ಆಜ್ಞೆಗಾಗಿ ಹೇಗೋ ಹೊಂದಿಸಿಕೊಟ್ಟ ಹಡಗಿನ ಹಾಗೆ ಅದು ಕಾಣುತ್ತದೆ. ಬಡಗಿಯ ವಿದ್ಯೆ ದರೋಡೆಗೂ ದುಡಿಯಿತು, ವ್ಯಾಪಾರಕ್ಕೂ ದುಡಿಯಿತು. ವಿದ್ಯೆಯನ್ನು ಗೌರವಿಸಲು ದರೋಡೆಯನ್ನು ಮರೆಮಾಚಬೇಕಾಗಿಲ್ಲ.

ಈಗ ಉಳಿಸುವ ಪ್ರಶ್ನೆಗೆ ಬರೋಣ. ನೆನೆದ ಮಣ್ಣಿನಲ್ಲಿ ನೂರಾರು ವರ್ಷ ಇದ್ದ ಮರದೊಳಗಿನ ಸೆಲ್ಯುಲೋಸನ್ನು ಸೂಕ್ಷ್ಮಜೀವಿಗಳು ತಿಂದುಹಾಕಿರುತ್ತವೆ. ಮರದ ಆಕಾರವನ್ನು ಹಿಡಿದು ನಿಲ್ಲಿಸಿರುವುದು ಒಳಗೆ ತುಂಬಿದ ನೀರು. ಹೊರಗೆ ತೆಗೆದು ಒಣಗಲು ಬಿಟ್ಟರೆ ಮರ ಮುದುಡಿ, ಬಿರಿದು, ಗುರುತು ಸಿಗದಂತಾಗುತ್ತದೆ. ಓಸೆಬರ್ಗ್ ಹಡಗಿನ ಓಕ್ ಮೈ ಜೇಡಿಮಣ್ಣಿನ ಆಶ್ರಯದಲ್ಲಿ ಚೆನ್ನಾಗಿಯೇ ಉಳಿದಿತ್ತು. ಅದನ್ನು ನಿಧಾನವಾಗಿ ಒಣಗಿಸಿ ಜೋಡಿಸಿದರು. ಆದರೆ ಜೊತೆಯಲ್ಲಿದ್ದ ಕೆತ್ತನೆಯ ಜಾರುಬಂಡಿಗಳು ಮೊದಲಾದ ಬೇರೆ ಮರದ ವಸ್ತುಗಳು ತೀರ ಮೆತ್ತಗಾಗಿದ್ದವು. ಅವಕ್ಕೆ ಅಂದಿನ ಅತ್ಯುತ್ತಮ ಚಿಕಿತ್ಸೆಯೆಂದರೆ ಪಟಿಕ. ಕೆಸರು ನೀರನ್ನು ತಿಳಿಮಾಡಲು ನಮ್ಮ ಹಳ್ಳಿಗಳಲ್ಲಿ ಬಳಸುವ, ಕ್ಷೌರವಾದ ಮೇಲೆ ಗಲ್ಲಕ್ಕೆ ಉಜ್ಜುವ ಅದೇ ಪಟಿಕ. ಹತ್ತೊಂಬತ್ತನೆಯ ಶತಮಾನದಲ್ಲಿ ಡೆನ್ಮಾರ್ಕಿನಲ್ಲಿ ರೂಢಿಗೆ ಬಂದ ಈ ವಿಧಾನದಲ್ಲಿ ಮರವನ್ನು ಸುಮಾರು 90 ಡಿಗ್ರಿ ಬಿಸಿಯ ಗಟ್ಟಿ ಪಟಿಕದ ದ್ರಾವಣದಲ್ಲಿ ಮುಳುಗಿಸಿಡುತ್ತಾರೆ. ತಣಿದ ಮೇಲೆ ಪಟಿಕ ಮರದೊಳಗೆ ಹರಳುಗಟ್ಟಿ ನೀರಿನ ಜಾಗದಲ್ಲಿ ನಿಂತು ಆಧಾರ ಕೊಡುತ್ತದೆ. ಮೇಲೆ ಅಗಸೆ ಎಣ್ಣೆ, ವಾರ್ನಿಷು. ವಸ್ತುಗಳು ಪ್ರದರ್ಶನದಲ್ಲಿ ಬಹಳ ಸುಂದರವಾಗಿಯೇ ಕಂಡವು.

ಕೆಡುಕು ಒಳಗೆ ನಡೆಯುತ್ತಿತ್ತು. ಪಟಿಕ ಪೊಟ್ಯಾಸಿಯಮ್ ಮತ್ತು ಅಲ್ಯೂಮಿನಿಯಮ್‌ಗಳ ಸಲ್ಫೇಟು. ಅದರ ದ್ರಾವಣವನ್ನು ಬಹಳ ಹೊತ್ತು ಬಿಸಿಯಲ್ಲಿಟ್ಟರೆ ಅಲ್ಯೂಮಿನಿಯಮ್ಮಿನ ಒಂದು ಭಾಗ ಕರಗದ ಲವಣವಾಗಿ ಬೇರ್ಪಟ್ಟು, ಗಂಧಕಾಮ್ಲ ಹಿಂದೆ ಉಳಿಯುತ್ತದೆ. ಈ ಆಮ್ಲ ಎಲ್ಲಿಗೂ ಹೋಗಲಿಲ್ಲ. ನೂರು ವರ್ಷ ಮರದೊಳಗೇ ಕುಳಿತು ಅಳಿದುಳಿದ ಸೆಲ್ಯುಲೋಸನ್ನೂ ಲಿಗ್ನಿನನ್ನೂ ತಿನ್ನುತ್ತ ಬಂದಿತು. ಪರೀಕ್ಷಿಸಿದಾಗ ಕೆಲವು ಕಡೆ ಮರದ ಪಿಎಚ್ ಒಂದರ ಹತ್ತಿರವಿತ್ತು, ಅಂದರೆ ನಿಂಬೆಹಣ್ಣಿನ ರಸಕ್ಕಿಂತ ಸುಮಾರು ಹತ್ತುಪಟ್ಟು ಆಮ್ಲೀಯ. ಹೊರಗೆ ವಾರ್ನಿಷಿನ ಹೊಳಪು, ಒಳಗೆ ಮುಟ್ಟಿದರೆ ಪುಡಿ. ಅಂದಿನವರನ್ನು ದೂರುವಂತಿಲ್ಲ, ಅವರು ಅಂದಿಗೆ ಗೊತ್ತಿದ್ದುದರಲ್ಲಿ ಒಳ್ಳೆಯದನ್ನೇ ಮಾಡಿದರು, ಮಾಡದಿದ್ದರೆ ವಸ್ತುಗಳೇ ಇರುತ್ತಿರಲಿಲ್ಲ. 2014ರಲ್ಲಿ ಓಸ್ಲೋದಲ್ಲಿ ಈ ವಸ್ತುಗಳ ರಕ್ಷಣೆಗೆಂದೇ ಸಂಶೋಧನ ಯೋಜನೆಯೊಂದು ಆರಂಭವಾಯಿತು. ಸ್ಕುಲ್ಡೆಲೆವ್‌ನ ಮರಗಳಿಗೆ ಪಟಿಕದ ಬದಲು ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಮೇಣದಂಥ ಪದಾರ್ಥವನ್ನು ತುಂಬಿದರು. ಅದು ಪಟಿಕಕ್ಕಿಂತ ಬಹಳ ಮೇಲು. ಆದರೂ ಯಾವ ರಸಾಯನವೂ ಕಾಲವನ್ನು ನಿಲ್ಲಿಸುವುದಿಲ್ಲ, ನಿಧಾನಗೊಳಿಸುತ್ತದೆ ಅಷ್ಟೆ. ಇದನ್ನು ನಮ್ಮ ವೃತ್ತಿಯವರು ಒಪ್ಪಿಕೊಳ್ಳುವುದು ಲೇಸು.

ಇನ್ನು ಆಕಾರದ ಪ್ರಶ್ನೆ. ಓಸೆಬರ್ಗ್ ಹಡಗು ದಿಬ್ಬದ ಭಾರಕ್ಕೆ ಕುಸಿದು ಸುಮಾರು ಎರಡು ಸಾವಿರ ತುಂಡುಗಳಾಗಿ ಸಿಕ್ಕಿತ್ತು. ಅದನ್ನು ಮತ್ತೆ ಜೋಡಿಸಿದ್ದು ಅದ್ಭುತವಾದ ಕೆಲಸ. ಜಗತ್ತೆಲ್ಲ ಅದನ್ನು ನೋಡಿ ವೈಕಿಂಗ್ ಹಡಗೆಂದರೆ ಹೀಗೆಂದು ನಂಬಿತು. 1987ರಲ್ಲಿ ಆ ಜೋಡಣೆಯ ಅಳತೆಗಳಂತೆಯೇ ಒಂದು ಪ್ರತಿಕೃತಿಯನ್ನು ಕಟ್ಟಿ ನೀರಿಗಿಳಿಸಿದರು. 1988ರಲ್ಲಿ ಹಾಯಿ ಬಿಚ್ಚಿ ಪರೀಕ್ಷಿಸುತ್ತಿದ್ದಾಗ ಅದು ಮುಳುಗಿತು. ಕೆಲವರು ಇದು ಸಮುದ್ರದ ಹಡಗೇ ಅಲ್ಲ, ರಾಣಿಯ ಮೆರವಣಿಗೆಯ ದೋಣಿ ಎಂದರು. ಬೇರೆ ಕೆಲವರು ಹಡಗನ್ನು ಅನುಮಾನಿಸುವ ಬದಲು ಜೋಡಣೆಯನ್ನು ಅನುಮಾನಿಸಿದರು. 2006ರಿಂದ ಮೂಲ ಹಡಗಿನ ಮರಗಳನ್ನು ಒಂದೊಂದಾಗಿ ಹೊಸ ಉಪಕರಣಗಳಿಂದ ಅಳೆದು ನೋಡಿದಾಗ, ಹಿಂದಿನ ಜೋಡಣೆಯಲ್ಲಿ ಮುಂಭಾಗದ ಆಕಾರ ಸರಿಯಾಗಿರಲಿಲ್ಲ ಎಂದು ತಿಳಿಯಿತು. ತಿದ್ದಿದ ಆಕಾರದಲ್ಲಿ, ಹಳೆಯ ಕಾಲದ ಉಪಕರಣಗಳನ್ನೇ ಬಳಸಿ, ಟೋನ್ಸ್‌ಬೆರ್ಗ್ ಪಟ್ಟಣದಲ್ಲಿ ಹೊಸ ಹಡಗನ್ನು ಕಟ್ಟಿ 2012ರಲ್ಲಿ ನೀರಿಗಿಳಿಸಿದರು. ಅದು ಸೊಗಸಾಗಿ ಓಡಿತು. ಪ್ರಯೋಗಶಾಲೆಯ ಭಾಷೆಯಲ್ಲಿ ಹೇಳುವುದಾದರೆ, ಮ್ಯೂಸಿಯಮ್ಮಿನ ಹಡಗು ಒಂದು ಊಹೆ. ನೀರಿಗಿಳಿದ ಹಡಗು ಪ್ರಯೋಗ. ಪ್ರಯೋಗ ಮಾಡದೆ ಇದ್ದಿದ್ದರೆ ತಪ್ಪು ಊಹೆ ಇನ್ನೂ ನೂರು ವರ್ಷ ಗಾಜಿನ ಹಿಂದೆ ಗೌರವದಿಂದ ನಿಂತಿರುತ್ತಿತ್ತು.

ಆ ಪ್ರಯೋಗವನ್ನು ಮಾಡಬಲ್ಲ ಜನ ಎಲ್ಲಿಂದ ಬಂದರು? ಇದೇ ನಮ್ಮ ಮುಖ್ಯವಾದ ಮಾತು. ನಾರ್ವೆಯ ಪಶ್ಚಿಮ ಕರಾವಳಿಯ ಸಣ್ಣ ಹಳ್ಳಿಗಳಲ್ಲಿ ಮೀನುಗಾರರ ದೋಣಿಗಳನ್ನು ಇದೇ ರೀತಿ ಅಂಚಿನ ಮೇಲೆ ಅಂಚು ಹತ್ತಿಸಿ, ನಕ್ಷೆಯಿಲ್ಲದೆ, ಕಣ್ಣಳತೆಯಿಂದ ಕಟ್ಟುವ ಪದ್ಧತಿ ವೈಕಿಂಗರ ಕಾಲದಿಂದ ಕಡಿಯದೆ ಬಂದಿತ್ತು. ತಂದೆಯಿಂದ ಮಗನಿಗೆ, ಗುರುವಿನಿಂದ ಶಿಷ್ಯನಿಗೆ. ಉತ್ತರ ನಾರ್ವೆಯಲ್ಲಿ ಒಂದೇ ಚೌಕ ಹಾಯಿಯ ಮೀನುದೋಣಿಗಳು ಇಪ್ಪತ್ತನೆಯ ಶತಮಾನದ ಆರಂಭದವರೆಗೂ ಸಮುದ್ರಕ್ಕೆ ಹೋಗುತ್ತಿದ್ದವು. ಅಂಥ ಹಾಯಿಯನ್ನು ನಿಭಾಯಿಸುವುದು ಹೇಗೆಂಬುದೂ ಆ ಮೂಲಕ ಉಳಿದಿತ್ತು. ರಾಜರ ಹಡಗು ಮಣ್ಣಿನಲ್ಲಿ ಮಲಗಿದ್ದ ಸಾವಿರ ವರ್ಷವೂ ಅದರ ವಿದ್ಯೆ ಬಡ ಮೀನುಗಾರನ ದೋಣಿಯಲ್ಲಿ ಬದುಕಿತ್ತು. ರೋಸ್ಕಿಲ್ಡೆಯವರು ಡಬ್ಲಿನ್ನಿನ ಯುದ್ಧನೌಕೆಯ ಪ್ರತಿಕೃತಿಯನ್ನು ಸೀಳಿದ ಓಕ್ ಹಲಗೆಗಳಿಂದ ಕಟ್ಟಿ 2004ರಲ್ಲಿ ನೀರಿಗಿಳಿಸಿ, 2007ರಲ್ಲಿ ಸ್ಕಾಟ್ಲೆಂಡಿನ ಉತ್ತರ ತುದಿಯನ್ನು ಸುತ್ತಿ ಡಬ್ಲಿನ್‌ಗೆ ನಡೆಸಿಕೊಂಡು ಹೋಗಿ, ಮರುವರ್ಷ ಹಿಂದಕ್ಕೆ ತಂದದ್ದು ಈ ಬಗೆಯ ಜೀವಂತ ವಿದ್ಯೆಯ ಬಲದಿಂದ.

ಈ ಸಂಗತಿಯನ್ನು ಉತ್ತರದ ದೇಶಗಳು ತಡವಾಗಿಯಾದರೂ ಮನಗಂಡಿವೆ. ಬೆರ್ಗೆನ್ ಬಳಿಯ ಓಸೆಲ್ವಾರ್ ಎಂಬ ದೋಣಿಯನ್ನು ಕಟ್ಟುವವರು ಕಡಿಮೆಯಾಗುತ್ತ ಬಂದಾಗ 1997ರಲ್ಲಿ ಅಲ್ಲಿ ಕಮ್ಮಟವೊಂದನ್ನು ತೆರೆದು, ಹಿರಿಯ ಬಡಗಿಗಳ ಕೈಕೆಳಗೆ ತರುಣರು ಸಂಬಳ ಪಡೆದು ಕಲಿಯುವ ಏರ್ಪಾಡು ಮಾಡಿದರು. 2016ರಲ್ಲಿ ಯುನೆಸ್ಕೋ ಆ ಏರ್ಪಾಡನ್ನು ಇತರರಿಗೆ ಮಾದರಿಯೆಂದು ತನ್ನ ಪಟ್ಟಿಗೆ ಸೇರಿಸಿತು. 2021ರಲ್ಲಿ ಉತ್ತರ ಯುರೋಪಿನ ಈ ದೋಣಿ ಕಟ್ಟುವ ಸಂಪ್ರದಾಯವೇ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು. ಪಟ್ಟಿಗೆ ಸೇರಿದ್ದು ಯಾವ ಹಡಗೂ ಅಲ್ಲ, ಹಡಗು ಕಟ್ಟುವ ವಿದ್ಯೆ ಎಂಬುದನ್ನು ಓದುಗರು ಗಮನಿಸಬೇಕು.

ಇದಕ್ಕೆ ಎದುರುವಾದ ಇಲ್ಲದಿಲ್ಲ. ಮೂಲ ಹಡಗು ಉಳಿದಿರದಿದ್ದರೆ 1987ರ ತಪ್ಪನ್ನು ತಿದ್ದುವುದಾದರೂ ಹೇಗೆ ಸಾಧ್ಯವಿತ್ತು, ಅಳೆಯಲು ಮರವೇ ಇರುತ್ತಿರಲಿಲ್ಲವಲ್ಲ ಎಂದು ಕೇಳಬಹುದು. ನ್ಯಾಯವಾದ ಮಾತು. ಬಡಗಿಯ ನೆನಪೂ ತಲೆಮಾರಿನಿಂದ ತಲೆಮಾರಿಗೆ ಬದಲಾಗುತ್ತದೆ. ಸಣ್ಣ ದೋಣಿ ಕಟ್ಟಿದವನಿಗೆ ಮೂವತ್ತು ಮೀಟರಿನ ಹಡಗು ತಾನಾಗಿ ಗೊತ್ತಾಗುವುದಿಲ್ಲ. ಆದುದರಿಂದ ಮ್ಯೂಸಿಯಮ್ಮುಗಳನ್ನು ಮುಚ್ಚಿರೆಂದು ನಾವು ಹೇಳುತ್ತಿಲ್ಲ. ಓಸ್ಲೋದಲ್ಲಿ ಹಳೆಯ ಹಡಗುಗಳಿಗಾಗಿ ಬಹಳ ಖರ್ಚಿನಲ್ಲಿ ಹೊಸ ಕಟ್ಟಡವೊಂದನ್ನು ಎಬ್ಬಿಸಿ, 2025ರ ಸೆಪ್ಟೆಂಬರಿನಲ್ಲಿ ಓಸೆಬರ್ಗ್ ಹಡಗನ್ನು ಅತಿ ಜೋಪಾನದಿಂದ ಅದರೊಳಕ್ಕೆ ಸರಿಸಿದರು. ಅದು ಯೋಗ್ಯವಾದ ಖರ್ಚೇ. ನಮ್ಮ ತಕರಾರು ತೂಕದ ಬಗೆಗೆ. 2014ರಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿಗೆ ರೋಸ್ಕಿಲ್ಡೆಯಲ್ಲಿ ಸಿಕ್ಕ 37 ಮೀಟರಿನ ಹಡಗು ಬಂದಿತ್ತು. ಅದರಲ್ಲಿ ಮೂಲ ಮರ ಕಾಲು ಭಾಗವೂ ಇರಲಿಲ್ಲ; ಉಳಿದ ಆಕಾರವನ್ನೆಲ್ಲ ಉಕ್ಕಿನ ಪಟ್ಟಿಗಳು ಹಿಡಿದು ನಿಂತಿದ್ದವು. ಉಕ್ಕಿನ ಪಟ್ಟಿಯನ್ನು ಎಲ್ಲಿಗೆ ಬಾಗಿಸಬೇಕೆಂದು ತಿಳಿಸಿದ್ದು ಹಡಗು ಕಟ್ಟುವ ರೀತಿಯನ್ನು ಬಲ್ಲ ಜನ. ವಸ್ತುವಿಗೆ ಕಟ್ಟಡ, ಉಷ್ಣತೆ, ತೇವ, ಕಾವಲು ಎಲ್ಲವೂ ಸಿಗುತ್ತವೆ. ಅದನ್ನು ಅರ್ಥ ಮಾಡಿಸಬಲ್ಲ ಮನುಷ್ಯನಿಗೆ ಸಿಗುವುದು ಬಹಳ ಕಡಿಮೆ. ವಸ್ತು ಹೋದರೆ ಪತ್ರಿಕೆಗಳಲ್ಲಿ ಸುದ್ದಿಯಾಗುತ್ತದೆ. ಕೊನೆಯ ಬಡಗಿ ಶಿಷ್ಯರಿಲ್ಲದೆ ಹೋದರೆ ಯಾರಿಗೂ ತಿಳಿಯುವುದಿಲ್ಲ.

ನಾವು ನೆಲೆಸಿರುವ ಬ್ರಿಟನ್ನಿಗೂ ಈ ಪ್ರಶ್ನೆ ಹೊಸದೇನಲ್ಲ. ಅಮೂರ್ತ ಪರಂಪರೆಯನ್ನು ರಕ್ಷಿಸುವ 2003ರ ಯುನೆಸ್ಕೋ ಒಪ್ಪಂದಕ್ಕೆ ಭಾರತ 2005ರಲ್ಲಿಯೇ ಸೇರಿತು. ನಾರ್ವೆ 2007ರಲ್ಲಿ, ಡೆನ್ಮಾರ್ಕ್ 2009ರಲ್ಲಿ. ಮ್ಯೂಸಿಯಮ್ಮುಗಳ ವಿಷಯದಲ್ಲಿ ಯಾರಿಗೂ ಕಡಿಮೆಯಿಲ್ಲದ ಬ್ರಿಟನ್ ಸೇರಿದ್ದು 2024ರಲ್ಲಿ. ಇಲ್ಲಿ ಹೇಳಬೇಕಾದ ಇನ್ನೊಂದು ಹಡಗಿದೆ. 2025ರ ಮೇ ತಿಂಗಳಿನಲ್ಲಿ ನಮ್ಮ ಕಾರವಾರದ ನೌಕಾನೆಲೆಯಲ್ಲಿ ಕೌಂಡಿನ್ಯ ಎಂಬ ಹಡಗು ಭಾರತದ ನೌಕಾಪಡೆಗೆ ಸೇರಿತು. ಅಜಂತಾದ ಗುಹೆಯ ಐದನೆಯ ಶತಮಾನದ ಒಂದು ಚಿತ್ರವನ್ನು ನೋಡಿ, ಹಲಗೆಗಳನ್ನು ಮೊಳೆಯಿಲ್ಲದೆ ತೆಂಗಿನ ನಾರಿನ ಹಗ್ಗದಿಂದ ಹೊಲಿದು ಗೋವೆಯಲ್ಲಿ ಕಟ್ಟಿದ ಹಡಗು ಅದು. ಅಗೆದು ತೆಗೆದ ಮೂಲ ಹಡಗು ಅವರ ಬಳಿ ಇರಲಿಲ್ಲ, ನಕ್ಷೆಯೂ ಇರಲಿಲ್ಲ. ಇದ್ದುದು ಒಂದು ಚಿತ್ರ, ಜೊತೆಗೆ ಹೊಲಿದ ದೋಣಿಯ ಕೆಲಸವನ್ನು ಬಲ್ಲ ಕೇರಳದ ಕುಶಲಕರ್ಮಿಗಳು. ಆ ವರ್ಷದ ಕೊನೆಯಲ್ಲಿ ಪೋರಬಂದರಿನಿಂದ ಹೊರಟು 2026ರ ಜನವರಿಯಲ್ಲಿ ಅದು ಮಸ್ಕತ್ ತಲುಪಿತು. ಆ ಕುಶಲಕರ್ಮಿಗಳು ಒಂದು ತಲೆಮಾರಿನ ಹಿಂದೆಯೇ ಉಪಕರಣ ಕೆಳಗಿಟ್ಟಿದ್ದರೆ ಚಿತ್ರ ಚಿತ್ರವಾಗಿಯೇ ಉಳಿಯುತ್ತಿತ್ತು. ನಾರ್ವೆಯ ಕಥೆ, ಪಶ್ಚಿಮ ಕರಾವಳಿಯ ಕಥೆ, ಎರಡೂ ಹೇಳುವುದು ಒಂದೇ ಮಾತನ್ನು.

ಆದುದರಿಂದ ನಮ್ಮ ಸೂಚನೆ ಇಷ್ಟು. ಹಳೆಯ ವಸ್ತುವೊಂದರ ರಕ್ಷಣೆಗೆ ಸರ್ಕಾರವಾಗಲಿ ದಾನಿಗಳಾಗಲಿ ಹಣ ಕೊಟ್ಟಾಗ, ಅದರ ಒಂದು ನಿಶ್ಚಿತ ಪಾಲು ಆ ವಸ್ತುವನ್ನು ಮಾಡಲು ಬಲ್ಲವರಿಗೂ ಅವರ ಬಳಿ ಕಲಿಯುವ ಶಿಷ್ಯರಿಗೂ ಹೋಗಬೇಕು. ಅದು ವರ್ಷಕ್ಕೊಮ್ಮೆ ಶಾಲು ಹೊದಿಸುವ ಸನ್ಮಾನವಾಗಬಾರದು. ತಿಂಗಳ ಸಂಬಳವಾಗಬೇಕು, ಮರವೂ ಉಪಕರಣವೂ ಆಗಬೇಕು, ಮಾಡಿದ ವಸ್ತುವಿಗೆ ಗಿರಾಕಿಯಾಗಬೇಕು. ಓಸೆಲ್ವಾರ್ ದೋಣಿ ಉಳಿದಿರುವುದು ಅದನ್ನು ಕೊಂಡು ಹುಟ್ಟು ಹಾಕುವ ಜನ ಇರುವುದರಿಂದ. ಬಳಸುವವರಿಲ್ಲದ ವಿದ್ಯೆಗೆ ಎಷ್ಟು ಪಟಿಕ ತುಂಬಿದರೂ ಹೊರಗೆ ಹೊಳಪು, ಒಳಗೆ ಪುಡಿ.

ಬೇಸಿಗೆಯ ರಜೆಯಲ್ಲಿ ಡೆನ್ಮಾರ್ಕಿನ ಕಡೆ ಹೋಗುವ ಸದಸ್ಯರಿಗೆ ಒಂದು ಮಾತು. ರೋಸ್ಕಿಲ್ಡೆಯ ಮ್ಯೂಸಿಯಮ್ಮಿನಲ್ಲಿ ಗಾಜಿನ ಗೋಡೆಯ ಮುಂದೆ ನಿಂತ ಹಳೆಯ ಹಡಗುಗಳನ್ನು ನೋಡಿದ ಮೇಲೆ ಅಲ್ಲಿಂದ ಹೊರಟುಬಿಡಬೇಡಿರಿ. ಪಕ್ಕದ ದೋಣಿಕಟ್ಟೆಗೆ ಹೋಗಿರಿ. ಅಲ್ಲಿ ಕೊಡಲಿಯಿಂದ ಹಲಗೆ ಕೆತ್ತುವವರು ಇರುತ್ತಾರೆ. ಬೇಸಿಗೆಯಲ್ಲಿ ಬಂದವರನ್ನೂ ದೋಣಿಯಲ್ಲಿ ಕೂರಿಸಿ ಹುಟ್ಟು ಹಿಡಿಸುತ್ತಾರೆ. ಮಕ್ಕಳು ಆ ಚಕ್ಕೆಗಳನ್ನು ಮುಟ್ಟಿ ನೋಡಲಿ, ನಾರು ಹೇಗೆ ಹೋಗಿದೆಯೆಂದು ಕೇಳಲಿ. ಕೊಂಬಿನ ಶಿರಸ್ತ್ರಾಣಕ್ಕಿಂತ ಅದು ಹೆಚ್ಚು ಕಾಲ ನೆನಪಿನಲ್ಲಿ ಉಳಿಯುತ್ತದೆಂದು ನಮ್ಮ ನಂಬಿಕೆ. ಈ ವಿಷಯದಲ್ಲಿ ಭಿನ್ನಾಭಿಪ್ರಾಯವಿರುವ ಓದುಗರು ಬರೆದು ತಿಳಿಸಿದರೆ ನಮಗೆ ಸಂತೋಷ.